ಮೈಕಟ್ಟು: ಚಿಟಿಕೆ ಬೆರಕೆ ಹರಳಿನ ಆಕಾರವನ್ನೇ ಬದಲಿಸುವುದು ಹೇಗೆ?

ಅಡುಗೆಮನೆಯ ಡಬ್ಬಿಯಿಂದ ನಾಲ್ಕು ಕಲ್ಲುಪ್ಪು ತೆಗೆದು ಭೂತಗನ್ನಡಿಯಲ್ಲಿ ನೋಡಿ. ಮೂಲೆ ಸವೆದಿರಬಹುದು, ಅಂಚು ಮುರಿದಿರಬಹುದು. ಆದರೂ ಎಲ್ಲೋ ಒಂದು ಕಡೆ ಚೌಕದ ಗುರುತು ಸಿಕ್ಕೇ ಸಿಗುತ್ತದೆ. ಉಪ್ಪು ಲೂಡೊ ದಾಳದ ಹಾಗೆ ಆರು ಮುಖದ ಹರಳಾಗಿ ಬೆಳೆಯುವ ಖನಿಜ.

ಅದೇ ಉಪ್ಪುನೀರಿಗೆ ಸ್ವಲ್ಪ ಮೂತ್ರ ಬೆರೆಸಿದರೆ? ಮುಖ ಸಿಂಡರಿಸಬೇಡಿ. ಫ್ರಾನ್ಸ್‌ನ ರೋಮೆ ದ ಲಿಲ್ ಎಂಬ ಖನಿಜ ಪಂಡಿತ 1783ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಆಗ ಹುಟ್ಟುವ ಉಪ್ಪಿಗೆ ಎಂಟು ಮುಖ. ಎರಡು ಪಿರಮಿಡ್‌ಗಳನ್ನು ಬುಡಕ್ಕೆ ಬುಡ ಅಂಟಿಸಿದ ಆಕಾರ. ಆ ಕಾಲದ ರಸಾಯನದವರಿಗೆ ಮೂತ್ರ ಹೇಸಿಗೆಯ ವಸ್ತುವೇನೂ ಆಗಿರಲಿಲ್ಲ ಬಿಡಿ, ರಂಜಕ ಮೊದಲು ಸಿಕ್ಕಿದ್ದೇ ಅದರಿಂದ. ಇಲ್ಲಿ ಕೆಲಸ ಮಾಡಿದ್ದು ಅದರಲ್ಲಿರುವ ಯೂರಿಯಾ. ಹೌದು, ಹೊಲಕ್ಕೆ ಹಾಕುತ್ತೇವಲ್ಲ, ಅದೇ ಯೂರಿಯಾ.

ಹರಳಿನ ಈ ಹೊರ ಆಕಾರಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಬಿಟ್’ ಅನ್ನುತ್ತಾರೆ. ಅದನ್ನು ‘ಅಭ್ಯಾಸ’ ಎಂದೋ ‘ಚಟ’ ಎಂದೋ ಕನ್ನಡಕ್ಕೆ ತಂದರೆ ಕೆಟ್ಟೆವು. ಲ್ಯಾಟಿನ್‌ನ ಮೂಲ ಪದಕ್ಕೆ ನಿಲುವು, ತೋರ್ಕೆ, ಉಡುಪು ಎಂಬ ಅರ್ಥಗಳೂ ಇವೆ. ನನಗೆ ಒಪ್ಪುವ ಕನ್ನಡ ಪದ ‘ಮೈಕಟ್ಟು’. ಅಣ್ಣ ತಮ್ಮ ಇಬ್ಬರದೂ ಒಂದೇ ರಕ್ತ, ಒಬ್ಬ ಸಣಕಲ, ಒಬ್ಬ ದಢೂತಿ ಅನ್ನುವುದಿಲ್ಲವೇ? ಹಾಗೇ ಇದು. ಆರು ಮುಖದ ಉಪ್ಪು, ಎಂಟು ಮುಖದ ಉಪ್ಪು ಎರಡರ ಒಳಗೂ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಕಣಗಳ, ಜೋಡಣೆ ಒಂದೇ. ಮೈಕಟ್ಟು ಮಾತ್ರ ಬೇರೆ.

ಇನ್ನೊಂದು ಪದ ‘ಕಲ್ಮಶ’. ಪಾಠಪುಸ್ತಕಗಳಲ್ಲಿ ಇದೇ ಇರುತ್ತದೆ. ಆದರೆ ಅದರಲ್ಲಿ ಕೊಳೆ, ಪಾಪ ಎಂಬ ವಾಸನೆ ಇದೆ. ಹರಳಿನ ಲೆಕ್ಕದಲ್ಲಿ ಕಲ್ಮಶ ಅಂದರೆ ಆ ಹರಳಿಗೆ ಸೇರದ ಬೇರೆ ವಸ್ತು, ಅಷ್ಟೇ. ಆದ್ದರಿಂದ ಇಲ್ಲಿ ‘ಬೆರಕೆ’ ಎಂದೇ ಬರೆಯುತ್ತೇನೆ. ಬೆರಕೆ ಅಂದ ಕೂಡಲೇ ಬಣ್ಣ ನೆನಪಾಗುವುದು ಸಹಜ. ಮಾಣಿಕ್ಯದ ಕೆಂಪಿಗೆ ಕ್ರೋಮಿಯಂ, ನೇರಳೆ ಅಮೆಥಿಸ್ಟ್‌ಗೆ ಕಬ್ಬಿಣ ಕಾರಣ. ಆಕಾರದ ಕತೆ ಅದಕ್ಕಿಂತ ವಿಚಿತ್ರ.

ವಿಚಿತ್ರ ಯಾಕೆಂದರೆ, ಬೆರಕೆ ಯಾವ ಮುಖದ ಬೆಳವಣಿಗೆಯನ್ನು ತಡೆಯುತ್ತದೋ ಅದೇ ಮುಖ ಕೊನೆಗೆ ದೊಡ್ಡದಾಗಿ ಕಾಣುತ್ತದೆ.

ಇದು ತಲೆಗೆ ಹತ್ತಬೇಕಾದರೆ ದೇವಸ್ಥಾನದ ಗೋಪುರ ನೆನಪಿಸಿಕೊಳ್ಳಿ. ಮೇಲೆ ಮೇಲೆ ಕಟ್ಟಿದಷ್ಟೂ ಮೇಲಿನ ಅಂತಸ್ತು ಕಿರಿದಾಗುತ್ತದೆ. ಹರಳಿನ ಮುಖವೂ ಹಾಗೇ. ಒಂದು ಮುಖ ಅಕ್ಕಪಕ್ಕದವಕ್ಕಿಂತ ಬೇಗ ಹೊರಗೆ ಬೆಳೆದರೆ, ಅದು ಕಿರಿದಾಗುತ್ತಾ ಹೋಗಿ ಕೊನೆಗೆ ಒಂದು ಮೊನೆಯಾಗಿ ಅಳಿಸಿಹೋಗುತ್ತದೆ. ನಿಧಾನದ ಮುಖಗಳು ಮಾತ್ರ ಉಳಿದು ಅಗಲವಾಗುತ್ತವೆ. ದಾಳದ ಎಂಟು ಮೂಲೆಗಳನ್ನು ಕತ್ತರಿಸಿದರೆ ಕಾಣುವ ಮುಖಗಳನ್ನು ‘ಮೂಲೆಯ ಮುಖ’ ಅನ್ನೋಣ. ಶುದ್ಧ ಉಪ್ಪುನೀರಿನಲ್ಲಿ ಮೂಲೆಯ ಈ ಎಂಟು ಮುಖಗಳು ಅವಸರದವು. ಅವು ಓಡಿ ಓಡಿ ದಾಳದ ಎಂಟು ಮೊನೆಗಳಾಗಿ ಮುಗಿಯುತ್ತವೆ. ಚೌಕದ ಆರು ಮುಖಗಳು ನಿಧಾನ, ಹಾಗಾಗಿ ನಮಗೆ ಕಾಣುವುದು ಅವೇ.

ಈಗ ಯೂರಿಯಾ ಬರುತ್ತದೆ. ಚೌಕದ ಮುಖದಲ್ಲಿ ಸೋಡಿಯಂ ಪಕ್ಕ ಕ್ಲೋರೈಡ್, ಕ್ಲೋರೈಡ್ ಪಕ್ಕ ಸೋಡಿಯಂ, ಚದುರಂಗದ ಮಣೆಯ ಹಾಗೆ. ಮೂಲೆಯ ಮುಖದಲ್ಲಿ ಹಾಗಲ್ಲ. ಅಲ್ಲಿ ಒಂದು ಪದರ ಪೂರ್ತಿ ಸೋಡಿಯಂ, ಅದರ ಮೇಲಿನದು ಪೂರ್ತಿ ಕ್ಲೋರೈಡ್. ಯೂರಿಯಾಕ್ಕೆ ಇಷ್ಟವಾಗುವುದು ಈ ಮೂಲೆಯ ಮುಖ. ಅಲ್ಲಿ ಅಂಟಿಕೊಂಡು ಅದರ ಓಟಕ್ಕೆ ಕಡಿವಾಣ ಹಾಕುತ್ತದೆ. ಓಟ ನಿಂತ ಮುಖ ಅಗಲವಾಗುತ್ತದೆ. ದಾಳದ ಮೂಲೆ ಕತ್ತರಿಸಿದಂತಾಗಿ, ಕೊನೆಗೆ ಎಂಟು ಮುಖವೇ ಉಳಿಯುತ್ತದೆ.

ಸರಿ, ಚಿಟಿಕೆ ಬೆರಕೆ ಇಡೀ ಮುಖವನ್ನು ಹೇಗೆ ತಡೆಯಿತು? ಮುಖ ಪೂರ್ತಿ ಮುಚ್ಚುವ ಅಗತ್ಯವೇ ಇಲ್ಲ. ಹರಳು ಬೆಳೆಯುವುದು ಇಟ್ಟಿಗೆ ಸಾಲಿನಂತೆ. ಹೊಸ ಅಯಾನು ಬರಿ ಬಯಲಿನಲ್ಲಿ ಕೂರುವುದು ಕಷ್ಟ. ಅರ್ಧ ಕಟ್ಟಿದ ಸಾಲಿನ ತುದಿಯಲ್ಲಿ ಎರಡು ಮೂರು ಕಡೆಯಿಂದ ಆಸರೆ ಸಿಗುತ್ತದೆ, ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ಅಂದರೆ ಪ್ರತಿ ಪದರವೂ ಒಂದು ಮೆಟ್ಟಿಲಿನ ಅಂಚಿನ ಹಾಗೆ ಮುಂದೆ ಮುಂದೆ ಸರಿಯುತ್ತದೆ. ಆ ದಾರಿಯಲ್ಲಿ ಬೆರಕೆಯ ಅಣುಗಳು ಬೇಲಿ ಗೂಟದ ಹಾಗೆ ನಿಂತಿರುತ್ತವೆ. ಗೂಟಗಳು ದೂರ ದೂರ ಇದ್ದರೆ ಅಂಚು ನಡುವೆ ಉಬ್ಬಿ, ನುಸುಳಿ ಮುಂದೆ ಹೋಗುತ್ತದೆ. ಹತ್ತಿರ ಹತ್ತಿರ ಇದ್ದರೆ ಅಲ್ಲೇ ನಿಲ್ಲುತ್ತದೆ. ಈ ಗೂಟದ ಲೆಕ್ಕವನ್ನು 1958ರಲ್ಲಿ ಕಬ್ರೇರಾ ಮತ್ತು ವರ್ಮಿಲಿಯಾ ಎಂಬಿಬ್ಬರು ಬಿಡಿಸಿದರು. ಮುಂದೆ ಸೂಕ್ಷ್ಮದರ್ಶಕಗಳು ಬೆಳೆದಂತೆ ಅಂಚುಗಳು ಹೀಗೆ ತಡವರಿಸುವುದನ್ನು ಕಣ್ಣಾರೆ ನೋಡುವುದೂ ಸಾಧ್ಯವಾಯಿತು.

ಉಪ್ಪಿನ ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಐಎನ್‌ಎಸ್ 536 ಎಂದು ಬರೆದಿರುವುದನ್ನು ನೋಡಿದ್ದೀರಾ? ಅದು ಪೊಟ್ಯಾಸಿಯಂ ಫೆರೋಸಯನೈಡ್. ಹೆಸರಿನಲ್ಲಿ ಸಯನೈಡ್ ಇದೆ ಎಂದು ಬೆಚ್ಚಬೇಡಿ. ಅದು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಕಿಲೋ ಉಪ್ಪಿಗೆ ಹಾಕುವುದೂ ಕೆಲವೇ ಮಿಲಿಗ್ರಾಂ. ಉಪ್ಪಿನೊಳಗೆ ಒಂದು ಸೋಡಿಯಂ ಸುತ್ತ ಆರು ಕ್ಲೋರೈಡ್ ಇರುತ್ತವೆ. ಇದರಲ್ಲಿ ಒಂದು ಕಬ್ಬಿಣದ ಸುತ್ತ ಆರು ಸಯನೈಡ್. ಅಳತೆ ಹೆಚ್ಚುಕಮ್ಮಿ ಹೊಂದುತ್ತದೆ. ಹಾಗಾಗಿ ಉಪ್ಪು ಮೋಸಹೋಗಿ ಇದನ್ನು ತನ್ನವನೆಂದು ಕೂರಿಸಿಕೊಳ್ಳುತ್ತದೆ. ಆದರೆ ವಿದ್ಯುದಂಶ ಹೊಂದುವುದಿಲ್ಲ, ಅದರ ಮೇಲೆ ಮುಂದಿನ ಪದರ ಕೂರಲು ಒದ್ದಾಡುತ್ತದೆ. ಮಳೆಗಾಲದಲ್ಲಿ ಉಪ್ಪು ತೇವ ಹೀರಿ ಮತ್ತೆ ಒಣಗುವಾಗ, ಕಣ ಕಣದ ನಡುವೆ ಗಟ್ಟಿ ಬೆಸುಗೆ ಹುಟ್ಟುವ ಬದಲು ಗರಿಯಂಥ ಪುಡಿಪುಡಿ ಹರಳು ಹುಟ್ಟುತ್ತದೆ. ಬೆರಳಲ್ಲಿ ಒತ್ತಿದರೆ ಉದುರುತ್ತದೆ. ಉಪ್ಪು ಹೆಂಟೆ ಕಟ್ಟದಿರುವ ಗುಟ್ಟು ಇದೇ.

ಸಮುದ್ರದಲ್ಲಿ ಈ ಆಟ ಇನ್ನೂ ದೊಡ್ಡದು. ಸುಣ್ಣದ ಅಂಶವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಮುಖ್ಯವಾಗಿ ಎರಡು ಬಗೆಯಾಗಿ ಹರಳುಗಟ್ಟಬಹುದು: ಕ್ಯಾಲ್ಸೈಟ್ ಅಥವಾ ಅರಗೊನೈಟ್. ಸಿಹಿನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸೈಟ್‌ನದೇ ಮೇಲುಗೈ. ಇಂದಿನ ಸಮುದ್ರದ ನೀರಿನಲ್ಲಿ ಒಂದು ಕ್ಯಾಲ್ಸಿಯಂಗೆ ಸುಮಾರು ಐದು ಮೆಗ್ನೀಸಿಯಂ ಇದೆ. ಮೆಗ್ನೀಸಿಯಂ ಗಾತ್ರದಲ್ಲಿ ಚಿಕ್ಕದು. ಅದು ಕ್ಯಾಲ್ಸೈಟ್ ಒಳಗೆ ನುಗ್ಗಿ ಜಾಗ ಹಿಡಿದರೆ ಇಡೀ ಜೋಡಣೆ ಬಿಗಿದುಕೊಳ್ಳುತ್ತದೆ, ಹರಳು ಸುಲಭವಾಗಿ ಕರಗುವಂತಾಗುತ್ತದೆ. ಬೆರಕೆ ಸ್ವಲ್ಪ ಇದ್ದಾಗ ಕ್ಯಾಲ್ಸೈಟ್ ಉದ್ದುದ್ದ ಎಳೆದಂತೆ ಬೆಳೆಯುತ್ತದೆ. ಜಾಸ್ತಿಯಾದರೆ ಅದರ ಬೆಳವಣಿಗೆ ಕುಂಟುತ್ತದೆ, ಆ ಜಾಗಕ್ಕೆ ಅರಗೊನೈಟ್ ಬರುತ್ತದೆ. ಇಲ್ಲಿ ಬದಲಾದದ್ದು ಬರಿ ಮೈಕಟ್ಟಲ್ಲ, ಖನಿಜವೇ! ಹಳೆಯ ಭೂಯುಗಗಳಲ್ಲಿ ಈ ಪ್ರಮಾಣ ಏರಿಳಿದಿದೆ. ಅದಕ್ಕೇ ಭೂವಿಜ್ಞಾನಿಗಳು ‘ಕ್ಯಾಲ್ಸೈಟ್ ಸಮುದ್ರ’, ‘ಅರಗೊನೈಟ್ ಸಮುದ್ರ’ ಎಂದು ಕಾಲವನ್ನೇ ವಿಂಗಡಿಸುತ್ತಾರೆ.

ಸಕ್ಕರೆ ಖನಿಜವಲ್ಲ, ಆದರೂ ಒಂದು ಮಾತು ಹೇಳದೆ ಇರಲಾರೆ. ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುತ್ತೇವಲ್ಲ, ಅದು ಬರಿ ರುಚಿಗಲ್ಲ. ಹುಳಿ ಸಕ್ಕರೆಯನ್ನು ಸ್ವಲ್ಪ ಒಡೆದು ಗ್ಲುಕೋಸ್, ಫ್ರಕ್ಟೋಸ್ ಮಾಡುತ್ತದೆ. ಈ ಬೆರಕೆ ಪಾಕ ಹರಳುಗಟ್ಟದಂತೆ ತಡೆಯುತ್ತದೆ. ಕಡಿದ ಕಬ್ಬು ಕಾರ್ಖಾನೆ ಮುಂದೆ ಲಾರಿಯಲ್ಲೇ ದಿನಗಟ್ಟಲೆ ಕೂತರೆ ಇನ್ನೊಂದು ಬೆರಕೆ ಹುಟ್ಟುತ್ತದೆ. ಬ್ಯಾಕ್ಟೀರಿಯಾ ಡೆಕ್ಸ್‌ಟ್ರಾನ್ ಎಂಬ ಲೋಳೆ ಮಾಡಿಬಿಡುತ್ತವೆ. ಆಗ ಸಕ್ಕರೆ ಗುಂಡಗಿನ ಕಾಳಾಗದೆ ಸೂಜಿಯಂತೆ ಉದ್ದವಾಗುತ್ತದೆ.

ಮೂತ್ರದಿಂದ ಶುರು ಮಾಡಿದೆವು, ಅಲ್ಲಿಗೇ ವಾಪಸ್ ಬರೋಣ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಇದೂ ಖನಿಜವೇ, ವೆವೆಲೈಟ್ ಎಂಬ ಹೆಸರಿದೆ. ನಿಂಬೆಯಲ್ಲಿರುವ ಸಿಟ್ರೇಟ್ ನಮ್ಮ ಮೂತ್ರದಲ್ಲೂ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರ ಜೊತೆಗೆ ವೆವೆಲೈಟ್‌ನ ಮೆಟ್ಟಿಲ ಅಂಚಿಗೆ ಅಂಟಿ ಬೆಳವಣಿಗೆ ತಗ್ಗಿಸುತ್ತದೆ. ಕೆಲವರಿಗೆ ವೈದ್ಯರು ಪೊಟ್ಯಾಸಿಯಂ ಸಿಟ್ರೇಟ್ ಬರೆದುಕೊಡುವುದು ಇದಕ್ಕೇ.

ಕಣ್ಣಾರೆ ನೋಡಬೇಕೆಂದರೆ ಗ್ರಂಧಿಗೆ ಅಂಗಡಿಯಿಂದ ಪಟಿಕ ತನ್ನಿ. ಬಿಸಿನೀರಿನಲ್ಲಿ ಕರಗಿಸಿ, ತಣ್ಣಗಾದ ಮೇಲೆ ಎರಡು ಲೋಟಕ್ಕೆ ಹಾಕಿ. ಒಂದನ್ನು ಸುಮ್ನೆ ಬಿಡಿ. ಇನ್ನೊಂದಕ್ಕೆ ಬಟ್ಟೆ ಸೋಡದ ನೀರನ್ನು ಹನಿಹನಿಯಾಗಿ ಹಾಕಿ ಕಲಕಿ. ಪ್ರತಿ ಹನಿಗೂ ಬೆಳ್ಳಗಾಗಿ ಮತ್ತೆ ತಿಳಿಯಾಗುತ್ತದೆ. ತಿಳಿಯಾಗದೆ ಉಳಿಯಲು ಶುರುವಾದ ಕೂಡಲೇ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿ. ಮೊದಲ ಲೋಟದಲ್ಲಿ ಎಂಟು ಮುಖದ ಹರಳು ಹುಟ್ಟಬೇಕು, ಎರಡನೆಯದರಲ್ಲಿ ದಾಳದಂಥದು. ಉಪ್ಪಿನ ಕತೆ ಇಲ್ಲಿ ತಿರುಗುಮುರುಗು. ಕೆಲವು ದಿನ ಬೇಕಾಗುತ್ತದೆ, ಲೋಟ ಅಲುಗಾಡಿಸಬೇಡಿ. ಮೇಲೊಂದು ತೆಳು ಬಟ್ಟೆ ಮುಚ್ಚಿಡಿ, ಧೂಳು ಬಿದ್ದರೆ ಅದೂ ಒಂದು ಬೆರಕೆಯೇ.