ರಿಕನ್ಸಿಲಿಯೇಷನ್‌ಗೆ ‘ರಾಜಿ’ ಅನ್ನಬೇಡಿ

ಸೆಪ್ಟೆಂಬರ್ ಬಂತೆಂದರೆ ಕೆನಡಾದ ಕಾಲೇಜುಗಳ ಸುದ್ದಿಪತ್ರದಲ್ಲಿ ಪುಟಪುಟಕ್ಕೂ ‘ರಿಕನ್ಸಿಲಿಯೇಷನ್’. ಅಲ್ಲಿನ ಮೂಲನಿವಾಸಿಗಳಿಗೆ ಆದ ಅನ್ಯಾಯ ಒಪ್ಪಿ, ಅವರ ಜೊತೆ ಸಂಬಂಧ ಸರಿಪಡಿಸುವ ಕೆಲಸಕ್ಕೆ ಈ ಹೆಸರು. ಅಲ್ಲಿ ಓದುವ ನಮ್ಮ ಹುಡುಗರು ಅದನ್ನು ಕನ್ನಡಕ್ಕೆ ತರುವಾಗ ‘ಮೂಲನಿವಾಸಿಗಳ ಜೊತೆ ರಾಜಿ ಕಾರ್ಯಕ್ರಮ’ ಅಂತ ಬರೆದುಬಿಡುತ್ತಾರೆ. ಮೊನ್ನೆ ಇನ್ನೊಮ್ಮೆ ಕಣ್ಣಿಗೆ ಬಿತ್ತು. ಸಾಕಾಯ್ತು.

ರಾಜಿ ಅಂದರೆ ಎರಡೂ ಕಡೆಯವರು ಒಂದಿಷ್ಟು ಬಿಟ್ಟುಕೊಟ್ಟು, ಸಹಿ ಹಾಕಿ, ಕೇಸು ಮುಗಿಸಿ ಮನೆಗೆ ಹೋಗುವುದು. ಕೆನಡಾದಲ್ಲಿ ನಡೆದದ್ದನ್ನು ಜಗಳ ಅನ್ನಲಿಕ್ಕೇ ಆಗುವುದಿಲ್ಲ. ಸರ್ಕಾರದ ದುಡ್ಡು, ಚರ್ಚುಗಳ ಆಡಳಿತ, ಅಂಥ ವಸತಿ ಶಾಲೆಗಳಿಗೆ ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನು ಸೇರಿಸಿದರು. ಕೂದಲು ಕತ್ತರಿಸಿದರು. ಮನೆಮಾತು ಆಡಿದರೆ ಹೊಡೆದರು. ಸಾವಿರಾರು ಮಕ್ಕಳು ಅಲ್ಲೇ ಸತ್ತರು. ಇದರಲ್ಲಿ ಆ ಮಕ್ಕಳು ಬಿಟ್ಟುಕೊಡಬೇಕಾದದ್ದು ಏನಿತ್ತು ಹೇಳಿ?

1973ರಲ್ಲಿ ಬ್ರಿಟಿಷ್ ಕೊಲಂಬಿಯಾದ ಫಿಲಿಸ್ ವೆಬ್‌ಸ್ಟಾಡ್‌ಗೆ ಆರು ವರ್ಷ. ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಅಂಥದೊಂದು ವಸತಿ ಶಾಲೆಗೆ ಹೋದಳು. ಮೊದಲ ದಿನವೇ ಅದನ್ನು ಬಿಚ್ಚಿಸಿಕೊಂಡರು, ಮತ್ತೆ ಕೊಡಲಿಲ್ಲ. ಸೆಪ್ಟೆಂಬರ್ 30ರಂದು ಕ್ಯಾಂಪಸ್ ತುಂಬ ಕಾಣುವ ಕಿತ್ತಳೆ ಟೀಶರ್ಟು ಆ ಅಂಗಿಯ ನೆನಪಿಗೆ. ‘ಹ್ಯಾಪಿ ಆರೆಂಜ್ ಶರ್ಟ್ ಡೇ’ ಅಂತ ಸ್ಟೇಟಸ್ ಹಾಕುವವರಿಗೆ ಇದನ್ನು ಯಾರಾದರೂ ಹೇಳಬಾರದೇ?

ಪದದ ಬೇರು ಲ್ಯಾಟಿನ್. ‘ಕಾನ್ಸಿಲಿಯಾರೆ’ ಅಂದರೆ ಒಟ್ಟುಗೂಡಿಸುವುದು. ಕೌನ್ಸಿಲ್ ಕೂಡ ಅದೇ ಮನೆತನದ್ದು. ಮುಂದಿರುವ ‘ರಿ’ ಅಂದರೆ ಮತ್ತೆ. ತಕರಾರು ಇರುವುದೇ ಈ ‘ಮತ್ತೆ’ಯ ಮೇಲೆ. ಮೊದಲು ಚೆನ್ನಾಗಿದ್ದರೆ ತಾನೆ ಮತ್ತೆ ಒಂದಾಗುವುದು ಅಂತ ಅಲ್ಲಿನ ಮೂಲನಿವಾಸಿಗಳಲ್ಲಿ ಅನೇಕರು ಕೇಳುತ್ತಾರೆ. ಈ ವಸತಿ ಶಾಲೆಗಳ ಬಗ್ಗೆ ವಿಚಾರಿಸಿದ, ಮರ್ರೆ ಸಿಂಕ್ಲೇರ್ ಅಧ್ಯಕ್ಷರಾಗಿದ್ದ ‘ಸತ್ಯ ಮತ್ತು ರಿಕನ್ಸಿಲಿಯೇಷನ್’ ಆಯೋಗ 2015ರ ವರದಿಯಲ್ಲಿ ಈ ಆಕ್ಷೇಪವನ್ನು ಎದುರಿಗಿಟ್ಟುಕೊಂಡೇ ಅರ್ಥ ಹೇಳಿತು: ಪರಸ್ಪರ ಗೌರವದ ಸಂಬಂಧ ಕಟ್ಟುವುದು, ಅದನ್ನು ಉಳಿಸಿಕೊಂಡು ಹೋಗುವುದು. ಅದಕ್ಕೆ ಆದದ್ದು ಏನೆಂದು ತಿಳಿದಿರಬೇಕು, ಮಾಡಿದ ಹಾನಿ ಒಪ್ಪಬೇಕು, ಪ್ರಾಯಶ್ಚಿತ್ತ ಆಗಬೇಕು, ನಡತೆ ಬದಲಾಗಬೇಕು. ಆಯೋಗದ ಹೆಸರಿನಲ್ಲಿ ‘ಸತ್ಯ’ ಮೊದಲಿದೆ. ನಮ್ಮವರ ಅನುವಾದದಲ್ಲಿ ಸರಿಯಾಗಿ ಅದೇ ಬಿಟ್ಟುಹೋಗುತ್ತದೆ.

ನನ್ನನ್ನು ಕೇಳಿದರೆ, ಬ್ಯಾಂಕಿನವರ ರಿಕನ್ಸಿಲಿಯೇಷನ್ ಇದಕ್ಕೆ ಜಾಸ್ತಿ ಹತ್ತಿರ. ಲೆಕ್ಕ ತಾಳೆ ನೋಡುವುದು. ಪಾಸ್‌ಬುಕ್ಕಿನಲ್ಲಿ ಒಂದು ಅಂಕಿ, ಲೆಡ್ಜರಿನಲ್ಲಿ ಇನ್ನೊಂದು ಇದ್ದರೆ ‘ಹೋಗ್ಲಿ ಬಿಡಿ’ ಅಂತ ನಡುವಿನದೊಂದು ಬರೆಯಲು ಆಗಲ್ಲ, ಅಲ್ವಾ? ತಪ್ಪಿದ್ದು ಎಲ್ಲಿ ಅಂತ ಹುಡುಕಿ ತಿದ್ದಬೇಕು.

ಏನೇನು ಮಾಡಬೇಕು ಅಂತ ಆಯೋಗ ಕೊಟ್ಟ 94 ಕರೆಗಳನ್ನು ಹೀಗೆ ಓದಿದರೆ ಸುಲಭ. 16ನೆಯದು ಕಾಲೇಜುಗಳಲ್ಲಿ ಮೂಲನಿವಾಸಿ ಭಾಷೆಗಳ ಪದವಿ, ಡಿಪ್ಲೊಮಾ ಶುರುಮಾಡಿ ಅನ್ನುತ್ತದೆ. ಶಾಲೆಯಲ್ಲಿ ಹೊಡೆದು ಬಿಡಿಸಿದ ಭಾಷೆ ಕಾಲೇಜಿಗೆ ವಾಪಸ್ ಬರಲಿ ಅಂತ. 24ನೆಯದು ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳೆಲ್ಲ ಈ ಇತಿಹಾಸ ಓದಲೇಬೇಕು ಅನ್ನುತ್ತದೆ. ಲೇಕ್‌ಹೆಡ್, ವಿನಿಪೆಗ್ ವಿಶ್ವವಿದ್ಯಾಲಯಗಳು 2016ರಿಂದ ಪದವಿಗೆ ಇಂಥದೊಂದು ಕೋರ್ಸ್ ಕಡ್ಡಾಯ ಮಾಡಿವೆ. ಅದೇ ವರ್ಷ ವ್ಯಾಂಕೂವರಿನ ಲಂಗಾರಾ ಕಾಲೇಜಿಗೆ ಆ ನೆಲದ ಮಸ್ಕ್ವಿಯಂ ಜನ ತಮ್ಮ ಭಾಷೆಯಲ್ಲೊಂದು ಹೆಸರು ಕೊಟ್ಟರು. ‘ಬೋಧನೆಗಳ ಮನೆ’ ಅಂತ ಅದರ ಅರ್ಥ. ಇವನ್ನೆಲ್ಲ ರಿಕನ್ಸಿಲಿಯೇಷನ್ ಅನ್ನಿ, ಒಪ್ಪುತ್ತೇನೆ. ಮೂಲನಿವಾಸಿ ವಿದ್ಯಾರ್ಥಿಗಳು ಸುಮ್ನೆ ಸೇರಿ ಪಿಜ್ಜಾ ತಿಂದರೆ ಅದು ಪಿಜ್ಜಾ ಪಾರ್ಟಿ ಅಷ್ಟೇ. ಅದಕ್ಕೂ ಈ ಹೆಸರು ಅಂಟಿಸಬೇಡಿ.

‘ನಾವು ಓದಲು ಬಂದವರು, ನಮಗ್ಯಾಕೆ?’ ಅನ್ನುವವರು 94ನೆಯ ಕರೆ ನೋಡಿ. ಪೌರತ್ವ ಪ್ರಮಾಣವಚನದ ಬಗ್ಗೆ ಇದೆ. 2021ರಲ್ಲಿ ಅದರ ಮಾತುಗಳನ್ನು ಬದಲಿಸಿದರು. ಬೆಂಗಳೂರಿಂದ ಹೋಗಿ, ಪಿಆರ್ (ಕಾಯಂ ನೆಲೆಸುವ ಪರವಾನಗಿ) ಪಡೆದು, ಕೊನೆಗೆ ಕೆನಡಾದ ಪ್ರಜೆಯಾಗುವವರೂ ಈಗ ಫಸ್ಟ್ ನೇಷನ್ಸ್, ಇನ್ಯೂಟ್, ಮೇಟಿ ಎಂಬ ಮೂಲನಿವಾಸಿ ಜನರ ಹಕ್ಕುಗಳನ್ನು ಎತ್ತಿಹಿಡಿಯುವ ಸಂವಿಧಾನವನ್ನು ಪಾಲಿಸುತ್ತೇನೆ ಅಂತ ಕೈಯೆತ್ತಿ ಹೇಳಬೇಕು.