'ಸ್ತ್ರೀ' ಒಂದೇ ಅಕ್ಷರ, ನಿಮ್ಮ ಲೈಬ್ರರಿ ಮೂರು ಎನ್ನುವುದೇಕೆ?

ಪ್ರಶ್ನೆ: ಕನ್ನಡ ಪಠ್ಯ ಎಣಿಸುವ ನಿಮ್ಮ ಸಾಫ್ಟ್‌ವೇರ್ ಲೈಬ್ರರಿಗೆ (ಸಿದ್ಧ ಕೋಡ್ ಸಂಗ್ರಹಕ್ಕೆ) 'ಸ್ತ್ರೀ' ಎಂದು ಕೊಟ್ಟರೆ 3 ಎಂಬ ಉತ್ತರ ಬರುತ್ತಿದೆ. ಒಂದನೇ ತರಗತಿಯ ಮಗುವನ್ನು ಕೇಳಿದರೂ ಒಂದು ಎನ್ನುತ್ತದೆ. ಈ ದೋಷವನ್ನು ಯಾವಾಗ ಸರಿಪಡಿಸುತ್ತೀರಿ?

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಪದ ಮಾತ್ರ ಬದಲಾಗುತ್ತದೆ: ಒಬ್ಬರಿಗೆ 'ರಾಷ್ಟ್ರ', ಇನ್ನೊಬ್ಬರಿಗೆ 'ಸೂರ್ಯ', ಮತ್ತೊಬ್ಬರಿಗೆ ತಮ್ಮದೇ ಹೆಸರು. ದೋಷವೇನೂ ಇಲ್ಲ. ನೀವು ಬಳಸಿದ ಫಂಕ್ಷನ್ ಎಣಿಸುವುದು ಗ್ರಾಫೀಮ್ ಕ್ಲಸ್ಟರ್‌ಗಳನ್ನು, ಅಕ್ಷರಗಳನ್ನಲ್ಲ. ಗ್ರಾಫೀಮ್ ಕ್ಲಸ್ಟರ್ ಎಂದರೆ ಎಲ್ಲ ಲಿಪಿಗಳ ಜಾಗತಿಕ ಪ್ರಮಾಣಕವಾದ ಯೂನಿಕೋಡಿನ ನಿಯಮದಂತೆ ಪಠ್ಯವನ್ನು ಒಡೆದಾಗ ಸಿಗುವ ತುಂಡು. ಅಕ್ಷರ ಎಣಿಸುವ ಫಂಕ್ಷನ್ ಅದರ ಪಕ್ಕದಲ್ಲೇ ಇದೆ. ಅದಕ್ಕೆ ಕೊಟ್ಟರೆ 1 ಎಂದೇ ಬರುತ್ತದೆ. ಇಷ್ಟಕ್ಕೆ ಸಮಾಧಾನವಾದವರು ಕೆಲಸಕ್ಕೆ ಮರಳಬಹುದು. ಉಳಿದವರು ಕೇಳಲಿರುವ ಮರುಪ್ರಶ್ನೆಯೂ ನನಗೆ ಗೊತ್ತು, ಆದ್ದರಿಂದ ಮುಂದುವರಿಸುತ್ತೇನೆ.

ಬೈಟ್ ಮತ್ತು ಕೋಡ್ ಪಾಯಿಂಟ್‌ಗಳ ವ್ಯತ್ಯಾಸ ನಿಮಗೆ ತಿಳಿದಿದೆ ಎಂದುಕೊಳ್ಳುತ್ತೇನೆ: ಕೋಡ್ ಪಾಯಿಂಟ್ ಎಂದರೆ ಯೂನಿಕೋಡ್ ಪ್ರತಿ ಲಿಪಿಚಿಹ್ನೆಗೆ ಕೊಟ್ಟ ಸಂಖ್ಯೆ, ಬೈಟ್ ಎಂದರೆ ಅದನ್ನು ಕಂಪ್ಯೂಟರಿನಲ್ಲಿ ಉಳಿಸಲು ಬೇಕಾದ ಜಾಗದ ಅಳತೆ. 'ಸ್ತ್ರೀ' ಪದದಲ್ಲಿ ಸಕಾರ, ವಿರಾಮ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ), ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಹೀಗೆ 6 ಕೋಡ್ ಪಾಯಿಂಟ್‌ಗಳಿವೆ. ಪಠ್ಯ ಉಳಿಸುವ ಯುಟಿಎಫ್-8 ಎಂಬ ವಿಧಾನದಲ್ಲಿ 18 ಬೈಟ್. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳು ಇದರ ಉದ್ದ 6 ಎನ್ನುತ್ತವೆ. ಗ್ರಾಫೀಮ್ ಕ್ಲಸ್ಟರ್ ಎಣಿಸುವ ಸ್ವಿಫ್ಟ್ ಭಾಷೆ 3 ಎನ್ನುತ್ತದೆ. ಯಾವುದೂ ಸುಳ್ಳು ಹೇಳುತ್ತಿಲ್ಲ.

ಸುಳ್ಳು ಇರುವುದು ಬೇರೆ ಕಡೆ. 'ಗ್ರಾಫೀಮ್ ಕ್ಲಸ್ಟರ್ ಎಂದರೆ ಓದುಗನ ಕಣ್ಣಿಗೆ ಕಾಣುವ ಅಕ್ಷರ' ಎಂಬ ವಾಕ್ಯವನ್ನು ಯಾವುದೋ ಪಾಠದಲ್ಲಿ ಓದಿ ಬಾಯಿಪಾಠ ಮಾಡಿಕೊಂಡವರಿಗೆ ಲೆಕ್ಕವಿಲ್ಲ. ಆ ಪಾಠಗಳಲ್ಲಿ ಉದಾಹರಣೆಗಳೂ ಅವೇ: ತಲೆಯ ಮೇಲೆ ಚುಕ್ಕೆಯಿರುವ ಯುರೋಪಿನ ಅಕ್ಷರ, ಅದಾದ ಮೇಲೆ ಅಪ್ಪ, ಅಮ್ಮ, ಮಗಳು, ಮಗ ಇರುವ ಕುಟುಂಬದ ಇಮೋಜಿ. ಆ ಇಮೋಜಿ 7 ಕೋಡ್ ಪಾಯಿಂಟ್‌ಗಳಿದ್ದರೂ ಒಂದೇ ಕ್ಲಸ್ಟರ್. ಇಡೀ ಸಂಸಾರವನ್ನು ಒಂದು ಎನ್ನುವ ನಿಯಮ 'ಸ್ತ್ರೀ'ಯನ್ನು ಮೂರು ಎನ್ನುತ್ತದೆಯೇ ಎಂದು ಕೇಳಿದರೆ, ಹೌದು, ಎನ್ನುತ್ತದೆ. ಇಮೋಜಿಯನ್ನು ಬೆಸೆಯಲು ನಿಯಮಗಳಲ್ಲಿ ಪ್ರತ್ಯೇಕ ಸಾಲಿದೆ. ಕನ್ನಡದ ಒತ್ತಕ್ಷರಕ್ಕೆ ಅಂಥ ಸಾಲಿಲ್ಲ.

ಕ್ಲಸ್ಟರ್ ನಿಯಮಗಳಿರುವುದು ಯೂನಿಕೋಡ್ ಪ್ರಮಾಣಕದ 29ನೇ ಅನುಬಂಧದಲ್ಲಿ. ಸ್ವರಚಿಹ್ನೆ, ವಿರಾಮ, ಅನುಸ್ವಾರಗಳ ಮುಂಚೆ ಒಡೆಯಬೇಡ ಎನ್ನುತ್ತದೆ ಅದು. ವಿರಾಮದ ನಂತರ ವ್ಯಂಜನ ಬಂದರೆ ಅಲ್ಲಿ ಒಡೆಯುತ್ತದೆ. ಹೀಗಾಗಿ ಸ್, ತ್, ರೀ. 2023ರ ಯೂನಿಕೋಡ್ 15.1ರಲ್ಲಿ ಸಂಯುಕ್ತಾಕ್ಷರಗಳನ್ನು ಒಡೆಯದಿರುವ ಹೊಸ ನಿಯಮವೂ ಬಂತು, ಆದರೆ ಆರು ಲಿಪಿಗಳಿಗೆ ಮಾತ್ರ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ತೆಲುಗು ಲಿಪಿಯಲ್ಲಿ ಬರೆದ 'ಸ್ತ್ರೀ' 15.0ರಲ್ಲಿ ಮೂರಾಗಿತ್ತು, 15.1ರಲ್ಲಿ ಒಂದಾಯಿತು, ನಮ್ಮದು ಮೂರಾಗಿಯೇ ಉಳಿಯಿತು. ಕನ್ನಡಕ್ಕೆ ಅನ್ಯಾಯವಾಗಿದೆ ಎಂದು ನನಗೆ ಉದ್ದುದ್ದ ಪತ್ರ ಬರೆಯುವುದರಿಂದ ಪ್ರಯೋಜನವಿಲ್ಲ, ಪ್ರಮಾಣಕ ನನ್ನದಲ್ಲ. ಅದೇ ಅನುಬಂಧ ಇದು ಸಾಮಾನ್ಯ ನಿಯಮ, ಭಾಷೆಗೆ ತಕ್ಕಂತೆ ತಿದ್ದಿಕೊಳ್ಳಿ ಎಂದೂ ಹೇಳುತ್ತದೆ. ಬಾಯಿಪಾಠ ಮಾಡಿದವರು ಓದದೆ ಬಿಟ್ಟ ಭಾಗ ಅದು.

ಇನ್ನೂ ನಂಬಿಕೆ ಬಾರದಿದ್ದರೆ ಪದವನ್ನು ತಿರುಗಿಸಿ ನೋಡಿ. 'ವಿಕಟಕವಿ'ಯನ್ನು ಕ್ಲಸ್ಟರ್‌ಗಳಾಗಿ ಒಡೆದು ಹಿಂದುಮುಂದಾಗಿ ಜೋಡಿಸಿದರೆ 'ವಿಕಟಕವಿ'ಯೇ ಬರುತ್ತದೆ. ಎಲ್ಲರೂ ಪರೀಕ್ಷೆಗೆ ಇದನ್ನೇ ಆರಿಸಿಕೊಳ್ಳುತ್ತಾರೆ. ಇದರಲ್ಲಿ ಒಂದೂ ಒತ್ತಕ್ಷರವಿಲ್ಲ ಎಂಬುದು ಯಾರಿಗೂ ಹೊಳೆಯುವುದಿಲ್ಲ. 'ಸ್ತ್ರೀ'ಯನ್ನು ಹಾಗೆಯೇ ತಿರುಗಿಸಿದರೆ ರೀ, ತ್, ಸ್ ಸೇರಿ 'ರೀತ್ಸ್' ಆಗುತ್ತದೆ. ಒಂಟಿಯಾಗಿದ್ದ 'ಸ್' ಹೋಗಿ ತಕಾರಕ್ಕೆ ಒತ್ತಾಗಿ ಅಂಟಿಕೊಂಡಿತು. ನೆರೆಯವರು ಬದಲಾದ ಕೂಡಲೇ ರೂಪ ಬದಲಿಸುವ ತುಂಡನ್ನು ಅಕ್ಷರ ಎನ್ನುವುದು ಹೇಗೆ?

ನಾರ್ಮಲೈಸ್ ಮಾಡಿದರೆ, ಎಂದರೆ ಒಂದೇ ಅಕ್ಷರದ ಬೇರೆಬೇರೆ ಸಂಕೇತರೂಪಗಳನ್ನು ಒಂದೇ ರೂಪಕ್ಕೆ ತಂದರೆ, ಸರಿಹೋಗುತ್ತದೆ ಎನ್ನುವವರಿಗೂ ಒಂದು ಮಾತು. ಅದು ಒತ್ತಕ್ಷರವನ್ನು ಮುಟ್ಟುವುದೇ ಇಲ್ಲ. 'ಕೋ' ಎಂಬುದನ್ನು ಪೂರ್ತಿ ಬಿಡಿಸಿದರೆ 4 ಕೋಡ್ ಪಾಯಿಂಟ್, ಕೂಡಿಸಿದರೆ 2. ಅದರ ಕೆಲಸ ಅಷ್ಟೇ.

ಲೈಬ್ರರಿಯ ಅಕ್ಷರ ಫಂಕ್ಷನ್ ಮಾಡುವುದು ಹೊಲಿಗೆ ಕೆಲಸ. ಕ್ಲಸ್ಟರ್‌ಗಳನ್ನು ಸಾಮಾನ್ಯ ನಿಯಮದಂತೆಯೇ ಪಡೆಯುತ್ತದೆ. ಒಂದು ತುಂಡು ವಿರಾಮದಲ್ಲಿ ಮುಗಿದು ಮುಂದಿನದು ವ್ಯಂಜನದಿಂದ ಆರಂಭವಾದರೆ ಎರಡನ್ನೂ ಸೇರಿಸುತ್ತದೆ. 'ರ‍್ಯಾಂಕ್' ಪದದ ರಕಾರದ ಬೆನ್ನಿಗಿರುವ ಕಾಣದ ಜೋಡಕ (ಅಕ್ಷರಗಳು ಕೂಡುವ ರೂಪವನ್ನು ನಿರ್ಧರಿಸುವ ZWJ ಎಂಬ ಕೋಡ್ ಪಾಯಿಂಟ್) ಇದಕ್ಕೆ ಅಡ್ಡಿ ಬರುವುದಿಲ್ಲ. 'ರಾಜ್‌ಕುಮಾರ್' ಪದದ ನಡುವಿನ ಕಾಣದ ಬಿಡಿಕ (ಅಕ್ಷರಗಳು ಕೂಡದಂತೆ ತಡೆಯುವ ZWNJ ಎಂಬ ಕೋಡ್ ಪಾಯಿಂಟ್) ಮಾತ್ರ ಹೊಲಿಗೆಯನ್ನು ತಡೆಯುತ್ತದೆ, ತಡೆಯಲೇಬೇಕು. ಅದಿದ್ದರೆ ಅಕ್ಷರ 5. ಅರ್ಜಿ ನಮೂನೆಯಲ್ಲಿ 'ಕಾಣದ ಕಸ' ಎಂದು ಅದನ್ನು ಅಳಿಸಿ ಹಾಕುವ ಜಾಣರಿದ್ದಾರೆ. ಆಗ ಹೆಸರು 'ರಾಜ್ಕುಮಾರ್' ಆಗಿ ಲೆಕ್ಕ 4ಕ್ಕೆ ಇಳಿಯುತ್ತದೆ. ಆಮೇಲೆ ದೂರು ನನ್ನ ಬಳಿಗೆ ಬರುತ್ತದೆ.

ಹಾಗಾದರೆ ಕ್ಲಸ್ಟರ್ ಫಂಕ್ಷನ್ ಏಕೆ ಬೇಕು? ಬೇರೆ ಪ್ರೋಗ್ರಾಂಗಳ ಲೆಕ್ಕದೊಂದಿಗೆ ನಮ್ಮ ಲೆಕ್ಕ ತಾಳೆಯಾಗಬೇಕಾದಲ್ಲಿ ಅದೇ ಬೇಕು. ಪದಬಂಧದ ಮನೆಗಳಿಗೆ, ಶೀರ್ಷಿಕೆ ಕತ್ತರಿಸುವುದಕ್ಕೆ ಅಕ್ಷರವೇ ಸರಿ, ಇಲ್ಲದಿದ್ದರೆ 'ರಾಷ್ಟ್ರ' ಹೋಗಿ 'ರಾಷ್' ಉಳಿಯುತ್ತದೆ. ಯಾವ ಎಣಿಕೆಯನ್ನೂ ಡೇಟಾಬೇಸಿನಲ್ಲಿ ಶಾಶ್ವತವಾಗಿ ಬರೆದಿಡಬೇಡಿ. ತೆಲುಗಿನ ಲೆಕ್ಕ ಒಂದು ಆವೃತ್ತಿಯಲ್ಲಿ ಬದಲಾದದ್ದನ್ನು ಈಗಷ್ಟೇ ನೋಡಿದಿರಿ.

ಯಾರೂ ನೇರವಾಗಿ ಕೇಳದಿದ್ದರೂ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಈ ಫಂಕ್ಷನ್ನಿನಿಂದ ಛಂದಸ್ಸಿನ ಲೆಕ್ಕ ಹಾಕಲು ಹೊರಡಬೇಡಿ. 'ಬಸ್' ಪದಕ್ಕೆ ಪದಬಂಧದಲ್ಲಿ ಎರಡು ಮನೆ, ಛಂದಸ್ಸಿನಲ್ಲಿ ಒಂದೇ ಗುರು. ಕೊನೆಯ 'ಸ್' ಹಿಂದಿನ ಅಕ್ಷರಕ್ಕೆ ಸೇರುತ್ತದೆ. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ, ಚಂಪಕಮಾಲೆಗೆ 21 ಎಂದಾಗ ಲಾಕ್ಷಣಿಕರು ಎಣಿಸುವುದು ಈ ಬಗೆಯಲ್ಲಿ. ಹಲಂತವನ್ನು (ಸ್ವರವಿಲ್ಲದ ವ್ಯಂಜನವನ್ನು) ಹಿಂದಕ್ಕೆ, ಒತ್ತನ್ನು ಮುಂದಕ್ಕೆ ಹೊಲಿದರೆ ಅಕ್ಷರವೃತ್ತದ ಲೆಕ್ಕ ಹೇಗೋ ಸಿಗುತ್ತದೆ. ಮಾತ್ರೆ ಬೇಕೆಂದರೆ ಕಷ್ಟ. ಸಂಯುಕ್ತಾಕ್ಷರದ ಹಿಂದಿನ ಲಘು ಗುರುವಾಗುತ್ತದೆ ಎಂಬ ನಿಯಮವನ್ನು ಬರೆಯುವುದು ಸುಲಭ, ಆದರೆ ಹಳಗನ್ನಡದ ಶಿಥಿಲದ್ವಿತ್ವ ಬಂದಲ್ಲಿ ಒತ್ತಿದ್ದರೂ ಉಚ್ಚಾರ ಸಡಿಲ, ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಆ ಸಡಿಲತೆಗೆ ಯಾವ ಕೋಡ್ ಪಾಯಿಂಟೂ ಇಲ್ಲ, ಪದ್ಯದ ಗತಿ ತಿಳಿದವರೇ ಹೇಳಬೇಕು. ಆದ್ದರಿಂದ ಕಂದಪದ್ಯದ ಮಾತ್ರೆ ಎಣಿಸುವ ಸೌಲಭ್ಯ ಸೇರಿಸಿ ಎಂಬ ಕೋರಿಕೆಗೂ ಇಲ್ಲಿಯೇ ಉತ್ತರ ಕೊಟ್ಟಿದ್ದೇನೆ: ಸೇರಿಸುವುದಿಲ್ಲ.