ಯೆಪ್ತಾಹನ ಮಗಳ ಕಥೆಯನ್ನು ಯಹೂದಿಗಳು ಹೇಗೆ ಒಪ್ಪುತ್ತಾರೆ?

ಪ್ರಶ್ನೆ: ಹರಕೆಗಾಗಿ ಮಗಳನ್ನೇ ಬಲಿ ಕೊಟ್ಟ ಯೆಪ್ತಾಹನ ಕಥೆ ಯಹೂದಿಗಳ ಪವಿತ್ರ ಗ್ರಂಥದಲ್ಲಿದೆ. ಇಂಥದ್ದನ್ನು ಸರಿ ಅಂತ ಹೇಗೆ ಒಪ್ಪುತ್ತಾರೆ?

ಉತ್ತರ: ಒಪ್ಪುವುದಿಲ್ಲ. ಎಷ್ಟೋ ಸಲ ಬರೆದಿದ್ದೇನೆ, ಇನ್ನೊಮ್ಮೆ ಬರೆಯುತ್ತೇನೆ. ಗ್ರಂಥದಲ್ಲಿ ಬಂದದ್ದಕ್ಕೆಲ್ಲ ದೇವರ ಒಪ್ಪಿಗೆ ಇದೆ ಅನ್ನುವುದು ಹೊರಗಿನಿಂದ ನೋಡುವವರ ಕಲ್ಪನೆ.

ಕಥೆ ನಿಮಗೆ ಗೊತ್ತೇ ಇದೆ. ಯೆಪ್ತಾಹ ಇಸ್ರಾಯೇಲರ ನಾಯಕ. ಶತ್ರುಗಳಾದ ಅಮ್ಮೋನಿಯರನ್ನು ಗೆದ್ದು ಬಂದರೆ ಮನೆ ಬಾಗಿಲಿಂದ ಮೊದಲು ಎದುರಿಗೆ ಬಂದದ್ದನ್ನು ದೇವರಿಗೆ ಅರ್ಪಿಸುತ್ತೇನೆ ಅಂತ ಹರಕೆ. ದಮ್ಮಡಿ ಬಡಿಯುತ್ತಾ, ಕುಣಿಯುತ್ತಾ ಬಂದವಳು ಒಬ್ಬಳೇ ಮಗಳು.

ಆದಿಕಾಂಡಕ್ಕೆ ಬರೆದ ಹಳೆಯ ವ್ಯಾಖ್ಯಾನ, ಸುಮಾರು 5ನೇ ಶತಮಾನದ ಬೆರೇಶಿತ್ ರಬ್ಬಾದಲ್ಲಿ ರಬ್ಬಿಗಳು (ಯಹೂದಿ ಧರ್ಮಗುರುಗಳು) ಇವನನ್ನು ಹೇಗೆ ತರಾಟೆಗೆ ತೆಗೆದುಕೊಳ್ಳುತ್ತಾರೆ ನೋಡಿ. ನಾಯಿ ಎದುರಿಗೆ ಬಂದಿದ್ದರೆ ಅದನ್ನೂ ಬಲಿ ಕೊಡುತ್ತಿದ್ದೆಯಾ ಅಂತ ದೇವರೇ ಕೇಳುತ್ತಾನೆ. ಆ ಹರಕೆಗೆ ಬೆಲೆಯೇ ಇರಲಿಲ್ಲ. ಅದನ್ನು ಬಿಡಿಸಬಲ್ಲ ಯಾಜಕ ಫೀನೆಹಾಸ ಬದುಕಿದ್ದ. ಆದರೆ 'ಅವನಿಗೆ ಬೇಕಿದ್ದರೆ ಅವನೇ ಬರಲಿ' ಅಂದ ಯಾಜಕ. 'ನಾನು ನಾಯಕ, ನಾನ್ಯಾಕೆ ಹೋಗಲಿ' ಅಂದ ಯೆಪ್ತಾಹ. ಇಬ್ಬರ ದೊಡ್ಡಸ್ತಿಕೆಯ ನಡುವೆ ಹುಡುಗಿ ಸತ್ತಳು. ಇಬ್ಬರಿಗೂ ಶಿಕ್ಷೆಯಾಯಿತು ಅನ್ನುತ್ತಾರೆ ರಬ್ಬಿಗಳು. ಯೆಪ್ತಾಹನನ್ನು ಅವನ ಸೀಮೆಯಾದ ಗಿಲ್ಯಾದಿನ 'ಊರುಗಳಲ್ಲಿ' ಹೂಳಿದರು ಅಂತ ಮೂಲದಲ್ಲಿದೆ. ಒಬ್ಬನನ್ನು ಹತ್ತಾರು ಊರಲ್ಲಿ ಹೂಳುವುದು ಹೇಗೆ? ಅವನ ಅಂಗಗಳು ಒಂದೊಂದಾಗಿ ಕಳಚಿ, ಬಿದ್ದಲ್ಲೇ ಮಣ್ಣಾದವು ಅಂತ ಓದಿದರು. ಒಂದು ಬಹುವಚನದಲ್ಲೇ ತೀರ್ಪು ಕಂಡರು! ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದ್ ಕೂಡ 'ನಾನು ಹೇಳಿದವನಲ್ಲ' ಎಂಬ ದೇವರ ಮಾತನ್ನು ಯೆರೆಮೀಯನ ಪುಸ್ತಕದಿಂದ ತಂದು ಈ ಬಲಿಗೆ ಹೊಂದಿಸುತ್ತದೆ.

ಎಲ್ಲರೂ ಒಂದೇ ಮಾತು ಹೇಳಿದರು ಅಂದುಕೊಳ್ಳಬೇಡಿ. ಫ್ರಾನ್ಸಿನ ನರ್ಬೋನ್ನಿನ ವ್ಯಾಖ್ಯಾನಕಾರ ದಾವೀದ್ ಕಿಮ್ಹಿ ಪ್ರಕಾರ ಅವಳು ಸಾಯಲೇ ಇಲ್ಲ. ಹರಕೆಯಲ್ಲಿರುವ ಹೀಬ್ರೂ 'ವಾವ್' ಅಕ್ಷರಕ್ಕೆ 'ಮತ್ತು' ಅನ್ನುವ ಬದಲು 'ಅಥವಾ' ಅಂತ ಅರ್ಥ ಮಾಡಿ: ದೇವರಿಗೆ ಮೀಸಲು, ಅಥವಾ ಬಲಿ. ಹಾಗಾಗಿ ಮದುವೆಯಿಲ್ಲದೆ ಒಂಟಿಯಾಗಿ ಬಾಳಿದಳು. 13ನೇ ಶತಮಾನದ ವ್ಯಾಖ್ಯಾನಕಾರ ರಂಬಾನ್ (ನಹ್ಮನಿದೀಸ್) ಇಂಥ ಓದನ್ನು ಒಪ್ಪಲಿಲ್ಲ. ಅವಳು ಸತ್ತಳು, ಅಪ್ಪನ ತಪ್ಪಿನಿಂದಲೇ ಸತ್ತಳು ಅಂದರು. ನನಗೆ ರಂಬಾನರೇ ಸರಿ ಅನ್ನಿಸುತ್ತದೆ. ಕಿಮ್ಹಿಯವರದು ಕರುಣೆಯ ಓದು, ನಿಜ. ಆದರೆ ಯೆಪ್ತಾಹ ತುಂಬಾ ಸುಲಭವಾಗಿ ಪಾರಾಗುತ್ತಾನೆ.

ಇಷ್ಟು ನೋವಿನ ಕಥೆಯನ್ನು ಸಭಾಮಂದಿರದಲ್ಲಿ ಓದುತ್ತಾರಾ? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಶಬ್ಬತ್ (ಶನಿವಾರದ ವಿಶ್ರಾಂತಿ ದಿನ) ಬೆಳಿಗ್ಗೆ ತೋರಾ, ಅಂದರೆ ಮೋಶೆಯ ಐದು ಪುಸ್ತಕಗಳ ಆ ವಾರದ ಭಾಗ, ಓದಿದ ಮೇಲೆ ಪ್ರವಾದಿಗಳ ಭಾಗದಿಂದಲೂ ಸ್ವಲ್ಪ ಓದುವ ರೂಢಿ. ಅರಣ್ಯಕಾಂಡದ ಹುಕ್ಕತ್ ಭಾಗದ ವಾರ ಸಾಮಾನ್ಯವಾಗಿ ಯೆಪ್ತಾಹನ ಸರದಿ. ನ್ಯಾಯಸ್ಥಾಪಕರು 11ನೇ ಅಧ್ಯಾಯ, 1ರಿಂದ 33ನೇ ವಚನದವರೆಗೆ. ಹರಕೆ ಅದರೊಳಗೆ ಬರುತ್ತದೆ, ಗೆಲುವೂ ಬರುತ್ತದೆ. ಮಗಳು ದಮ್ಮಡಿ ಹಿಡಿದು ಹೊರಗೆ ಬರುವುದು 34ರಲ್ಲಿ.